ಎತ್ತುಗಳ ಮರ್ಯಾದೆ

ತೂಕ ಇಳಿಯಬೇಕಾದರೆ ಅನ್ನ ಕಡಿಮೆ ಮಾಡಿ, ದಿನಾ ನಡೆಯಿರಿ ಎಂದಿದ್ದರು ಡಾಕ್ಟರು. ಶಾಲೆ ತಪಾಸಣೆಗೆ ಊರೂರು ಸುತ್ತುವ ನನಗೆ ಅದಕ್ಕೆ ಬೇರೆ ಹೊತ್ತೆಲ್ಲಿ? ಯುದ್ಧದ ಕಾಲ, ಬಸ್ಸು ಬಂದರೆ ಬಂತು. ಮುಳಬಾಗಿಲಿನಿಂದ ತಾಯಲೂರಿಗೆ ನಡೆದೇ ಹೊರಟೆ. ದಾರಿಯ ಹಳ್ಳಿಯೊಂದರಲ್ಲಿ ರೈತನೊಬ್ಬ ಎತ್ತಿನ ಗಾಡಿ ನಿಲ್ಲಿಸಿದ.

"ಹತ್ತಿ ಸಾಮಿ."

"ಬೇಡಪ್ಪ, ಮೈ ಇಳಿಸ್ಬೇಕು. ನಡೀತೀನಿ."

ಅವನು ನನ್ನನ್ನೊಮ್ಮೆ, ಎತ್ತುಗಳನ್ನೊಮ್ಮೆ ನೋಡಿದ. "ನಿಮ್ಮನ್ನ ಎಳೆಯಾಕೆ ನನ್ನ ಎತ್ತಿಗೆ ಆಗಲ್ಲ ಅಂತಾನಾ? ಹೊಸ ಜೋಡಿ ಸಾಮಿ. ಊರೋರು ನೋಡ್ತಾವ್ರೆ."

ಬಾವಿಕಟ್ಟೆಯ ಹೆಂಗಸರು ನಿಜಕ್ಕೂ ನೋಡುತ್ತಿದ್ದರು. ಹತ್ತಿ ಕೂತೆ.

ಊರು ದಾಟಿ ಏರು ಬಂದದ್ದೇ ಅವನು ಕೆಳಗಿಳಿದು ಎತ್ತುಗಳ ಪಕ್ಕ ನಡೆಯತೊಡಗಿದ. ನಾನೂ ಇಳಿಯಹೋದರೆ "ಕೂತ್ಕಳ್ಳಿ" ಎಂದು ಗದರಿದ. ತಾಯಲೂರಿನವರೆಗೂ ಮತ್ತೆ ಹತ್ತಲಿಲ್ಲ.

ಡಾಕ್ಟರು ಹೇಳಿದ ನಡಿಗೆ ಅಂದು ಚೆನ್ನಾಗಿಯೇ ಆಯಿತು, ಕಡ್ಡಿಯಂತಿದ್ದ ಆ ರೈತನಿಗೆ.