ಗಂಗಣ್ಣನ ಬೆನ್ನು

ಗಂಗಣ್ಣ ರಂಗದ ಮೇಲೆ ಬರುತ್ತಿದ್ದದ್ದೇ ಹಿಂದು ಹಿಂದಕ್ಕೆ ನಡೆದುಕೊಂಡು. ಮುಖ ಕಾಣುವ ಮೊದಲೇ ಆ ಬಾಗಿದ ಬೆನ್ನು, ಜಾರುವ ಪಂಚೆ ಹಿಡಿದ ಎಡಗೈ ನೋಡಿಯೇ ಜನ ನಗುತ್ತಿದ್ದರು. ನಾನು ಅರಸೀಕೆರೆಯಲ್ಲಿ ನಾಟಕದ ಪರದೆ, ಸೀನರಿ ಬಾಡಿಗೆಗೆ ಕೊಡುವವನು. ಯಾವ ಊರಿನವರು ಚೌಕಾಸಿಗೆ ಇಳಿದರೂ, ಗಂಗಣ್ಣನನ್ನು ಪಾತ್ರಕ್ಕೆ ಒಪ್ಪಿಸಿಕೊಡುತ್ತೇನೆ ಎಂದು ವ್ಯಾಪಾರ ಕುದುರಿಸುತ್ತಿದ್ದೆ.

ಸಿನಿಮಾದಲ್ಲೂ ಅವನಿಗೆ ಸಣ್ಣಪುಟ್ಟ ಪಾತ್ರಗಳು ಸಿಗುತ್ತಿದ್ದವು. ಒಮ್ಮೆ ಬೇಲೂರಿನ ನಾಟಕದಲ್ಲಿ, ಚಿತ್ರೀಕರಣಕ್ಕೆ ದಿನವೂ ತಡವಾಗಿ ಬರುವ ದೊಡ್ಡ ನಾಯಕನೊಬ್ಬನ ಗತ್ತನ್ನು ಮಾಡಿ ತೋರಿಸಿದ. ಯಾರೋ ಮೊಬೈಲಿನಲ್ಲಿ ಹಿಡಿದು ಹರಿಬಿಟ್ಟರು. ಸಿನಿಮಾದವರು ಕರೆಯುವುದನ್ನು ನಿಲ್ಲಿಸಿದರು. ಗಂಗಣ್ಣನಿದ್ದರೆ ನಾಟಕ ಆಡಲು ಬಿಡುವುದಿಲ್ಲವೆಂದು ಆ ನಾಯಕನ ಅಭಿಮಾನಿಗಳು ಊರೂರಿಗೆ ಹೇಳಿ ಬಂದರು.

ಮಾತುಕತೆ ನನ್ನ ಕಸುಬು. ಅಭಿಮಾನಿಗಳ ಮುಖಂಡನೊಂದಿಗೆ ಕೂತು ಬಗೆಹರಿಸಿದೆ: ಬಾಣಾವರದ ನಾಟಕದಲ್ಲಿ ಗಂಗಣ್ಣ ಎಲ್ಲರೆದುರು ಕ್ಷಮೆ ಕೇಳಿದರೆ ಸಾಕು. ಗಂಗಣ್ಣನಿಗೆ ಮನಸ್ಸಿರಲಿಲ್ಲ. "ಬ್ಯಾಡ ಕಣ್ರೀ, ಸೀನರಿ ಸಾವ್ಕಾರ್ರೆ. ನಮ್ಮವ್ವ ಸತ್ತಾಗ ನಾನತ್ತಿದ್ಕೇ ಜನ ನಕ್ಕವ್ರೆ" ಎಂದ. ನಾನು ಬಿಡಲಿಲ್ಲ. ಬಣ್ಣ ಹಚ್ಚಬೇಡ, ಬಿಳಿ ಶರಟು ತೊಡು, ನೆಟ್ಟಗೆ ಮುಖ ತೋರಿಸಿಕೊಂಡು ಬಾ ಎಂದೆ.

ಹಾಗೆಯೇ ಬಂದ. ಕೈಮುಗಿದು, ತಪ್ಪಾಗಿದೆ, ಹೊಟ್ಟೆಗೆ ಹಾಕಿಕೊಳ್ಳಿ ಎಂದ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ದಮ್ಮಯ್ಯ, ನಗಬ್ಯಾಡಿ. ನಿಜವಾಗ್ಲೂ ಕೇಳ್ತಾ ಇವ್ನಿ."

ಇಡೀ ಬಯಲು ಬಿದ್ದು ಬಿದ್ದು ನಕ್ಕಿತು. ಪರದೆಯ ಹಗ್ಗ ಹಿಡಿದು ನಿಂತಿದ್ದ ನಾನೂ ನಕ್ಕೆ. ಅವನು ನನ್ನತ್ತ ತಿರುಗಿದ. ನಾನು ನಗು ನುಂಗುವಷ್ಟರಲ್ಲಿ ನೋಡಿ ಆಗಿತ್ತು.

ಮುಖಂಡನಿಗೆ ಅದು ಇನ್ನೊಂದು ಗೇಲಿಯಾಗಿ ಕಂಡಿತು. ಆಮೇಲೆ ಗಂಗಣ್ಣನನ್ನು ಯಾರೂ ಕರೆಯಲಿಲ್ಲ, ನಾನೂ. ನಿಮಗೂ ಹೇಳುತ್ತೇನೆ: ಜಮೀನಿಗೆ ಮಧ್ಯಸ್ಥಿಕೆ ಮಾಡಿ, ಮದುವೆಗೆ ಮಾಡಿ, ಇನ್ನೊಬ್ಬರ ಮಾನಕ್ಕೆ ಮಾತ್ರ ಹೋಗಬೇಡಿ.

ಹೋದ ವರ್ಷ ಹಳೇಬೀಡಿನ ಕೆರೆ ಏರಿಯ ಮೇಲೆ ಸಿಕ್ಕಿದ. ಬಸ್ತಿಹಳ್ಳಿಯ ತಂಗಿಯ ಮನೆಯಲ್ಲಿದ್ದನಂತೆ. ದೇವಸ್ಥಾನದ ಮುಂದೆ ಪ್ರವಾಸಿಗರ ಚಪ್ಪಲಿ ಕಾಯುವ ಕೆಲಸ.

"ಎಂತೆಂಥಾ ದೊಡ್ಡೋರೂ ನನ್ ಮುಂದೆ ಬಗ್ತಾರೆ, ಸಾವ್ಕಾರ್ರೆ. ಚಪ್ಪಲಿ ಬಿಚ್ಚಾಕೆ."

ನಗಲು ಧೈರ್ಯವಾಗಲಿಲ್ಲ. ಅವನು ನನ್ನ ಮುಖವನ್ನೇ ನೋಡುತ್ತಾ ಕಾದ.

"ಚೆನ್ನಾಗಿಲ್ವಾ?"

ಚೆನ್ನಾಗಿದೆ ಗಂಗಣ್ಣ ಎಂದೆ, ಮುಖ ಬಿಗಿದುಕೊಂಡೇ. ಅವನು ತಲೆಯಾಡಿಸಿ, ತಿರುಗಿ ಹೊರಟ. ಅದೇ ಕೊನೆಯ ಭೇಟಿ. ಮಳೆಗಾಲ ಮುಗಿಯುವ ಮುಂಚೆ ಸುದ್ದಿ ಬಂತು.

ಆವತ್ತು ಏರಿಯ ಮೇಲೆ ದೂರವಾಗುತ್ತಿದ್ದ ಆ ಬಾಗಿದ ಬೆನ್ನು, ಪಂಚೆ ಹಿಡಿದ ಎಡಗೈ. ನೋಡುತ್ತಾ ನಿಂತವನಿಗೆ ನಗು ಉಕ್ಕಿ ಬಂತು. ಟವಲನ್ನು ಬಾಯಿಗೆ ಒತ್ತಿ ಹಿಡಿದೆ. ಸದ್ಯ, ಅವನು ತಿರುಗಿ ನೋಡಲಿಲ್ಲ.