ಅಣ್ಣ ತಲೆಯಾಡಿಸಿದ್ದು ಹಾಡಿಗೋ, ಮಗಳಿಗೋ?

ಕಳೆದ ವಾರ ನಮ್ಮ ಅಣ್ಣ ನನ್ನ ಕಾರಿನಲ್ಲಿ ಕೂತು ತಲೆಯಾಡಿಸಿದ. ಅಷ್ಟಕ್ಕೇ ಒಂದು ಮದುವೆ ಸಂಬಂಧ ಮುರಿದುಬಿತ್ತು.

ತಲೆಯಾಡಿಸಿದ್ದಕ್ಕೆಲ್ಲ ಸಂಬಂಧ ಮುರಿಯುತ್ತದಾ ಅಂತ ಕೇಳಬೇಡಿ. ಕಾರಿನಲ್ಲಿ ಹನ್ನೆರಡು ಇಂಚಿನ ಸಬ್‌ವೂಫರ್ ಇದ್ದರೆ ಏನು ಬೇಕಾದರೂ ಆಗುತ್ತದೆ.

ಮೊದಲಿನಿಂದ ಹೇಳುತ್ತೇನೆ. ನನ್ನ ಕಾರು ಹಳೆಯದು. ಸ್ಪೀಕರುಗಳಂತೂ ಯಾವ ಹಾಡು ಹಚ್ಚಿದರೂ ಹಾಡುವವನಿಗೆ ನೆಗಡಿಯಾದ ಹಾಗೆ ಕೇಳಿಸುತ್ತಿದ್ದವು. ಐವತ್ತು ದಾಟಿದ ಮನುಷ್ಯ ಇಂಥದ್ದಕ್ಕೆಲ್ಲ ಹೊಂದಿಕೊಂಡು ಹೋಗಬೇಕು. ನಾನು ಹೊಂದಿಕೊಳ್ಳಲಿಲ್ಲ. ಯಾದಗಿರಿಯಲ್ಲೇ ಕಾರಿಗೆ ಸ್ಟೀರಿಯೋ ಕೂರಿಸುವ ಚಾಂದಸಾಬರ ಅಂಗಡಿಗೆ ಹೋದೆ.

ಚಾಂದಸಾಬ್ ಅರ್ಧ ಹಾಡು ಕೇಳಿ ಮುಖ ಕಿವುಚಿದರು. "ಸಾರ್, ಇದು ಬರೇ ಕಿವಿಗೆ ಕೇಳಿಸ್ತದ. ಬೇಸ್ ಅಂದ್ರ ಎದಿಗೆ ಬರಬೇಕ್ರಿ."

ಎದೆಗೆ ಬರಿಸಿಯೇಬಿಟ್ಟರು. ಬ್ಯಾಟರಿಯಿಂದ ಕಿರುಬೆರಳು ದಪ್ಪದ ವೈರು ಎಳೆದರು. ಸೀಟಿನ ಕೆಳಗೆ ಆಂಪ್ಲಿಫೈಯರ್ ಕೂರಿಸಿ, ಡಿಕ್ಕಿಯಲ್ಲಿ ಆ ಸಬ್‌ವೂಫರಿನ ಕಪ್ಪು ಡಬ್ಬಿ ಇಟ್ಟರು. ನಂಬರ್ ಪ್ಲೇಟು ಗಡಗಡ ಅನ್ನತೊಡಗಿದಾಗ ಅದರ ಹಿಂದೆ ರಬ್ಬರ್ ತುಂಡು ತುರುಕಿದರು. ನನಗಂತೂ ಖುಷಿ ತಡೆಯಲಾಗಲಿಲ್ಲ. (ಎಷ್ಟಾಯಿತು ಅಂತ ಕೇಳಬೇಡಿ. ಈ ಅಂಕಣವನ್ನು ನಮ್ಮ ಮನೆಯಲ್ಲೂ ಓದುತ್ತಾರೆ.)

ಹೆಂಡತಿ ಡಿಕ್ಕಿ ತೆರೆದು ನೋಡಿದಳು. "ಇನ್ನ ಸಾಮಾನು ಎಲ್ಲಿ ಇಡೋದು? ನಿಮ್ಮ ತಲಿ ಮ್ಯಾಲೇನು?"

ಆ ಪ್ರಶ್ನೆಗೆ ಉತ್ತರ ಹುಡುಕುವ ಸಮಯ ಬೇಗ ಬಂತು. ಸುರಪುರದ ಪಕ್ಕದ ರಂಗಂಪೇಟೆಯಿಂದ ಅಣ್ಣ ಮತ್ತು ಅವನ ಮಗಳು ಶಿವಲೀಲಾ ಸೀರೆ ಖರೀದಿಗೆಂದು ಯಾದಗಿರಿಗೆ ಬಂದರು. ಅತ್ತಿಗೆಗೆ ಮೊಣಕಾಲು ನೋವು, ಬಂದಿರಲಿಲ್ಲ. ಅದರ ಮುಂದಿನ ಸೋಮವಾರ ಲೀಲಾಳ ಸಕ್ಕರೆ ಕಾರಣ ಇತ್ತು. ಎರಡೂ ಕಡೆಯವರು ಕೂತು, ಸಕ್ಕರೆ ಹಂಚಿ, ಸಂಬಂಧ ಗಟ್ಟಿ ಮಾಡಿಕೊಳ್ಳುವ ದಿನ. ವಾಪಸ್ ನಾನೇ ಬಿಟ್ಟು ಬರುತ್ತೇನೆ ಅಂದೆ. ಪ್ರೀತಿಯಿಂದಲೇ ಅಂದೆ, ಸುಳ್ಳಲ್ಲ. ಡಬ್ಬಿ ತೋರಿಸುವ ಚಪಲವೂ ಇತ್ತು.

ಡಿಕ್ಕಿಯಲ್ಲಿ ಜಾಗವಿಲ್ಲ. ಹಾಗಾಗಿ ಸೀರೆ ಚೀಲಗಳೆಲ್ಲ ಮುಂದಿನ ಸೀಟಿಗೆ ಬಂದವು. ಅಪ್ಪ ಮಗಳು ಹಿಂದೆ ಕೂತರು.

"ಇದು ಕಾರೇನು, ಡಿಜೆ ಗಾಡಿಯೇನು?" ಅಂತ ಅಣ್ಣ ಮೂಗು ಮುರಿದ. ಮುರಿಯಲಿ ಬಿಡಿ. ಊರು ದಾಟುವುದರೊಳಗೆ ಅವನ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತ್ತು. ಭೀಮಾ ನದಿಯ ಬ್ರಿಡ್ಜಿನ ಮೇಲೆ "ಇನ್ನ ಸ್ವಲ್ಪ ಏರಸು" ಅಂದ. ಏರಿಸಿದೆ. ಶಹಾಪುರದ ಗುಡ್ಡದಲ್ಲಿ ಮಲಗಿರುವ ಬುದ್ಧ ಎದ್ದು ಕೂಡಲಿಲ್ಲ, ಪುಣ್ಯ. ಅಣ್ಣ ಮಾತ್ರ ಕಣ್ಣು ಮುಚ್ಚಿ ಸೀಟಿಗೆ ಒರಗಿಬಿಟ್ಟಿದ್ದ.

ಕನ್ನಡಿಯಲ್ಲಿ ನೋಡಿದರೆ ಲೀಲಾ ಏನೋ ಹೇಳುತ್ತಿದ್ದಾಳೆ. ಕೈ ಅಪ್ಪನ ತೋಳಿನ ಮೇಲಿದೆ.

ಏನು ಹೇಳುತ್ತಿದ್ದಾಳೆ ಅಂತ ನಾನು ಊಹಿಸಬಲ್ಲೆ. ಆಕೆ ಶಹಾಪುರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಟೆಕ್ನಿಷಿಯನ್. ಆ ಕೆಲಸ ಅಂದರೆ ಆಕೆಗೆ ಜೀವ. ಹುಡುಗನ ಕಡೆಯವರದು ಒಂದೇ ಮಾತು: ಮದುವೆಯಾದ ಮೇಲೆ ಕೆಲಸ ಬಿಡಬೇಕು. ಹಾಗಾದರೆ ಈ ಸಂಬಂಧವೇ ಬೇಡ ಅಂತ ಲೀಲಾ ಊಟಕ್ಕೆ ಬಡಿಸುವಾಗ ಹೇಳಿದ್ದಳು. ಟೀವಿ ಆರಿಸಿ ಹೇಳಿದ್ದಳು. ಅತ್ತೂ ಹೇಳಿದ್ದಳು. ಅಣ್ಣನ ಉತ್ತರ ಪ್ರತಿ ಸಲವೂ "ನೋಡೂಣು". ನಮ್ಮ ಮನೆಗಳಲ್ಲಿ "ನೋಡೂಣು" ಅಂದರೆ ಯಾರೂ ನೋಡುವುದಿಲ್ಲ ಅಂತ ಅರ್ಥ.

ಹಾಡಿನ ನಡುವೆ ಒಂದು ಕ್ಷಣ ವಾದ್ಯಗಳೆಲ್ಲ ನಿಂತವು. ಲೀಲಾಳ ದನಿ ನನ್ನ ತನಕ ಬಂತು: "...ನಾ ಕೆಲಸ ಬಿಡಂಗಿಲ್ಲಪ್ಪಾ. ಅವರಿಗೆ ಬ್ಯಾಡ ಅಂತ ಹೇಳಸ್ಲಿ?"

ಧಡ್! ಬೇಸ್ ವಾಪಸ್ ಬಂತು. ಅಣ್ಣ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದ. ಒಂದು ಸಲ ಅಲ್ಲ, ಹಾಡು ಮುಗಿಯುವ ತನಕ ಆಡಿಸಿದ. (ನ್ಯಾಯವಾಗಿ ಹೇಳಬೇಕೆಂದರೆ, ಡಬ್ಬಿಯ ಹೊಡೆತಕ್ಕೆ ಕನ್ನಡಿ ಎಷ್ಟು ನಡುಗುತ್ತಿತ್ತೆಂದರೆ ಹಿಂದೆ ಬರುತ್ತಿದ್ದ ಲಾರಿಯೂ ತಲೆಯಾಡಿಸುತ್ತಿತ್ತು.)

ಲೀಲಾ ಚೂಡಿದಾರದ ವೇಲಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕಿಟಕಿಯ ಕಡೆ ತಿರುಗಿ ನಕ್ಕಳು. ನಾನು ವಾಲ್ಯೂಮ್ ಇಳಿಸಬೇಕಿತ್ತಾ? ನೀವಾಗಿದ್ದರೆ ಇಳಿಸುತ್ತಿದ್ದಿರಾ?

ರಂಗಂಪೇಟೆ ಮುಟ್ಟಿದೆವು. ಅಣ್ಣ ಕೈಕಾಲು ತೊಳೆದುಕೊಂಡು ಚಹಾ ಕುಡಿಯುವಷ್ಟರಲ್ಲಿ ಒಳಗೆ ಎಲ್ಲ ಮುಗಿದಿತ್ತು. "ಅಪ್ಪ ಹೂಂ ಅಂದಾನ" ಅಂತ ಲೀಲಾ ಹೇಳಿದ್ದೇ ತಡ, ಅತ್ತಿಗೆ ಸಂಬಂಧ ತಂದ ನಡುವಿನವರಿಗೆ ಫೋನ್ ಹಚ್ಚಿ ಸೋಮವಾರ ಬರುವುದು ಬೇಡ ಅಂತ ತಿಳಿಸಿಬಿಟ್ಟಿದ್ದಳು. (ಅತ್ತಿಗೆಗೂ ಆ ಸಂಬಂಧ ಅಷ್ಟಕ್ಕಷ್ಟೇ ಅಂತ ನನಗೆ ಆಗ ಗೊತ್ತಾಯಿತು.)

ಅಣ್ಣ ಚಹಾದ ಕಪ್ಪು ಕುಕ್ಕಿದ. "ನಾ ಯಾವಾಗ ಹೂಂ ಅಂದೆ?"

"ಕಾರಿನ್ಯಾಗ, ಅಪ್ಪಾ. ನಾ ಕೇಳಿದೆ, ನೀ ತಲಿ ಆಡಿಸಿದಿ."

"ಅದು ಹಾಡಿಗೆ ಆಡಿಸಿದ್ದು!"

"ನನಗೇನ್ ಗೊತ್ತು? ಕಾಕಾನೂ ಇದ್ದ. ಕಾಕಾನ್ನ ಕೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಲೀಲಾಳ ಮುಖ ನೋಡಿದೆ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ತುಟಿ ಗಟ್ಟಿಯಾಗಿ ಕಚ್ಚಿಕೊಂಡಿದ್ದಳು. ಎಷ್ಟು ಜನರ ರಕ್ತ ತೆಗೆದ ಹುಡುಗಿ, ತನ್ನದೇ ಮನೆಯಲ್ಲಿ ಒಂದು "ಬೇಡ" ಹೇಳಲು ಕಾಕಾನ ಸಾಕ್ಷಿ ಬೇಕಾಗಿ ನಿಂತಿದ್ದಾಳಲ್ಲ!

"ಖರೇ ಹೇಳು ತಮ್ಮಾ," ಅಂದ ಅಣ್ಣ. "ನಾ ತಲಿ ಆಡಿಸಿದ್ನೇನು?"

"ಆಡಿಸಿದಿ ಅಣ್ಣಾ. ನಾ ಕನ್ನಡಿಯಾಗ ನೋಡೀನಿ."

ಸುಳ್ಳೇನೂ ಹೇಳಲಿಲ್ಲ. ಯಾವುದಕ್ಕೆ ಆಡಿಸಿದ ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ. ಕೋರ್ಟಿನಲ್ಲೂ ಹಾಗೇ ತಾನೆ?

ಇಲ್ಲಿ ನಿಮಗೆ ಅಣ್ಣನ ಬಗ್ಗೆ ಒಂದು ವಿಷಯ ಹೇಳಬೇಕು. ಅವನದು ತೊಗರಿ, ಹತ್ತಿ ವ್ಯಾಪಾರ. ಮಾತು ಕಡಿಮೆ. ದರಕ್ಕೆ ಒಪ್ಪಿದರೆ ತಲೆಯಾಡಿಸುತ್ತಾನೆ, ಅಷ್ಟೇ. ಆಡಿಸಿದ ಮೇಲೆ ಪೇಟೆಯಲ್ಲಿ ದರ ಬಿದ್ದರೂ ಮಾಲು ಎತ್ತುತ್ತಾನೆ. ನಾಲ್ಕು ಜನರ ಎದುರು ಆಡಿಸಿದ ತಲೆಯನ್ನು ವಾಪಸ್ ತೆಗೆದುಕೊಂಡ ಉದಾಹರಣೆ ಇಲ್ಲ. ಈಗಲೂ ಅಷ್ಟೇ. ಯಾರ ಮುಖವನ್ನೂ ನೋಡದೆ ಹೇಳಿದ: "ಆಡಿಸೀನಿ ಅಂದ್ರ ಆಡಿಸೀನಿ. ಸೋಮವಾರದ್ದು ಬಿಟ್ಟುಬಿಡ್ರಿ."

ಲೀಲಾ ಒಳಗೆ ಓಡಿದಳು. ಅತ್ತಿಗೆ ನನಗೆ ಇನ್ನೊಂದು ಕಪ್ ಚಹಾ ತಂದಳು. ಈ ಸಲ ಜೊತೆಗೆ ಅವಲಕ್ಕಿ ಚೂಡಾ ಕೂಡ ಇತ್ತು.

ನಾನು ಹೊರಟಾಗ ಅಣ್ಣ ಕಾರಿನ ತನಕ ಬಂದ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಡಿಕ್ಕಿಯ ಮೇಲೆ ಒಂದು ಗುದ್ದು ಕೊಟ್ಟ.

"ಎಲ್ಲಾ ಈ ಡಬ್ಬಿದೇ ಕೆಲಸ. ಇದರ ಸಪ್ಪಳದಾಗ ಆಕಿ ಮಾತು ನನಗ ಕೇಳಿಸ್ಲೇ ಇಲ್ಲ."

"ಹೌದಣ್ಣಾ, ಕಾರಿನ್ಯಾಗ ಡಬ್ಬಿ ಇತ್ತು," ಅಂದೆ. "ಮನ್ಯಾಗ ಏನಿತ್ತು?"