ದಡಕ್ಕೆ ಎಳೆದ ದೋಣಿ

ಆ ಸಂಜೆಯೂ ಅವಳು ಗಂಡನ ಮೇಲೆ ರೇಗಿದ್ದಳು. ಅಣೆಕಟ್ಟಿನವರು ಹೇಳದೆ ಕೇಳದೆ ಗೇಟು ಎತ್ತಿದ್ದರು. ಹಿನ್ನೀರು ಇಳಿದು ಬಲೆಯೆಲ್ಲ ಕೆಸರಿಗೆ ಅಂಟಿಕೊಂಡಿತ್ತು. ಅದನ್ನು ಹಾಗೇ ತಂದು ಅವನು ಅಡುಗೆಮನೆಯ ಬಾಗಿಲಲ್ಲಿ ಹಾಕಿದ.

"ಇವತ್ತು ಬಲೆನೇ ಬೇಯಿಸ್ತೀನಿ, ಉಣ್ಣಿ" ಅಂದಳು.

ಅವನು ನಕ್ಕು, ಇದ್ದದ್ದು ಉಂಡು ಮಲಗಿದ. ಬೆಳಗ್ಗೆ ದಡದಲ್ಲಿ ಕೂತು ಬಲೆ ಕೊಡವುತ್ತಿದ್ದವನು ಹಾಗೇ ಒರಗಿದ. ಹೃದಯ ನಿಂತಿದೆ ಎಂದರು ಡಾಕ್ಟರು. ಬಂದವರೆಲ್ಲ ಹಾಳು ನೀರು ಅವನನ್ನು ನುಂಗಿತು ಎಂದು ಅತ್ತರು. ಅವನ ಕಾಲೂ ಒದ್ದೆಯಾಗಿರಲಿಲ್ಲ ಎಂದು ಹೇಳಿ ಹೇಳಿ ಅವಳಿಗೆ ಸಾಕಾಯಿತು.

ಮೈದುನ ಲಾರಿ ಓಡಿಸುವವನು. ಅಣ್ಣನ ದೋಣಿ ಒಂಟಿಯಾಗಿ ತೇಲುವುದನ್ನು ಅವನಿಂದ ನೋಡಲಾಗಲಿಲ್ಲ. ಜನ ಕರೆದು ದಡಕ್ಕೆ ಎಳೆಸಿ ಮಗುಚಿ ಹಾಕಿಸಿದ. ಅವಳು ಒಳಗೆ ಹೆಂಗಸರ ನಡುವೆ ಕೂತಿದ್ದಳು, ಒಬ್ಬರೂ ಹೇಳಲಿಲ್ಲ. ಸೂತಕ ಕಳೆದು ಹೊರಗೆ ಬರುವಷ್ಟರಲ್ಲಿ ಬಿಸಿಲು ತನ್ನ ಕೆಲಸ ಮುಗಿಸಿತ್ತು. ಮರದ ದೋಣಿ ನೀರಲ್ಲೇ ಇರಬೇಕು, ಒಣಗಿದರೆ ಹಲಗೆ ಕುಗ್ಗಿ ಸಂದು ಬಿಡುತ್ತದೆ. ಸಂದಿಗೆ ಬೆರಳಿಟ್ಟು ನೋಡಿದಳು. ಬೆರಳು ಒಳಗೆ ಹೋಯಿತು.

"ಯಾರನ್ನ ಕೇಳಿ ಎಳೆಸಿದೆ?"

"ಅಣ್ಣನಿಗೆ ಗೌರವ ಅಂತ, ಅತ್ತಿಗೆ."

"ನಿನ್ನ ಲಾರಿ ಟಯರು ಬಿಚ್ಚಿ ಅಟ್ಟಕ್ಕೆ ಹಾಕ್ತೀನಿ. ಅದೂ ಗೌರವನೇ."

ಅವನು ತಲೆ ತಗ್ಗಿಸಿದ. ಒಳ್ಳೆಯವನು, ಬೈದ ಸಮಾಧಾನವೂ ದಕ್ಕುವುದಿಲ್ಲ.

ಮೀನು ಮರಿ ಮಾಡುವ ಕಾಲ ಮುಗಿದು ಬಲೆ ಬಿಡಲು ಅಪ್ಪಣೆಯಾಗುವ ದಿನ, ಯಾರ ದೋಣಿ ತೇಲುತ್ತದೋ ಅವರಿಗೇ ಮೀನುಗಾರರ ಸಂಘದವರು ನೀರಲ್ಲಿ ಜಾಗ ಕೊಡುತ್ತಾರೆ. ತೇಲದಿದ್ದರೆ ಗಂಡನ ಜಾಗ ಇನ್ನೊಬ್ಬನಿಗೆ. ಮದುವೆಯ ಹೊಸದರಲ್ಲಿ ಅವನ ಜೊತೆ ದೋಣಿಯಲ್ಲಿ ಹುಟ್ಟು ಹಾಕಿದ್ದವಳು ಅವಳು. ಆ ಜಾಗ ಬಿಡುವುದಿಲ್ಲ ಎಂದು ಹಟ ಹಿಡಿದಳು. ಬಡಗಿ ಬಂದು ಸಂದಿಗೆ ಹತ್ತಿ ತುರುಕಿ ಡಾಂಬರು ಬಳಿದ. ಇನ್ನು ಮರ ಊದಿಕೊಳ್ಳಬೇಕು, ದೋಣಿಯನ್ನು ನೀರಿನ ಅಂಚಿನಲ್ಲಿ ಮುಳುಗಿಸಿಡಿ ಎಂದ. ಇಟ್ಟಳು. ಹಲಗೆಗಳು ಒಂದನ್ನೊಂದು ಕೂಡಿಕೊಂಡವು, ಆದರೆ ಪೂರ್ತಿ ಅಲ್ಲ.

ಅಪ್ಪಣೆಯ ದಿನ ದೋಣಿ ತೇಲಿತು. ಸಂಘದವರು ತಳ ನೋಡಿ ಮುಖ ಕಿವುಚಿದರೂ ಜಾಗ ಕೊಟ್ಟರು. ತೇಲಿದರೆ ಮುಗಿಯಿತು ಅಂದುಕೊಂಡಿದ್ದಳು, ಅಲ್ಲೇ ಮೋಸ ಹೋದಳು.

ಈಗ ಬೆಳಗಾದರೆ ತಳದಲ್ಲಿ ಮೊಣಕಾಲುದ್ದ ನೀರು. ಎಲ್ಲಿಂದ ಜಿನುಗುತ್ತದೋ ಬಡಗಿಗೂ ತಿಳಿಯದು. ಉಳಿದವರು ನಡುನೀರು ಸೇರಿ ಬಲೆ ಎತ್ತುತ್ತಿರುತ್ತಾರೆ. ಅಳುವುದಕ್ಕೂ ಪುರುಸೊತ್ತಿಲ್ಲ. ಸೀರೆ ಎತ್ತಿ ಕಟ್ಟಿ, ಎಣ್ಣೆ ಡಬ್ಬದಲ್ಲಿ ನೀರು ಮೊಗೆದು ಮೊಗೆದು ಆಚೆ ಚೆಲ್ಲುತ್ತಾಳೆ.